ಸ್ಮಾರ್ಟ್ ನಗರದಲ್ಲಿ ಖಾಸಗಿತನ: ನಿವಾಸಿಗಳ ನಡುವೆ ನನ್ನ ಅನುಭವ

ಸ್ಮಾರ್ಟ್ ನಗರ ಯೋಜನೆಗಳು ಜಾರಿಯಾದ ಬಡಾವಣೆಗಳಲ್ಲಿ ಖಾಸಗಿತನದ ಬಗ್ಗೆ ತಿಳಿವಳಿಕೆ ಮೂಡಿಸುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಕಾನೂನನ್ನು ವಿವರಿಸುವ ಉಪನ್ಯಾಸಕ್ಕೆ ಬಂದವರು ಗೌರವದಿಂದ ಕೇಳಿಸಿಕೊಂಡು, 'ನಮ್ಮಲ್ಲಿ ಮುಚ್ಚಿಡುವಂಥದ್ದು ಏನಿದೆ?' ಎಂದು ಎದ್ದು ಹೋಗುತ್ತಾರೆ. ಈ ಮಾತಿಗೆ ವಾದ ಹೂಡುವುದಕ್ಕಿಂತ ಅವರ ಕೈಗೆ ಒಂದು ಹಾಳೆ ಕೊಡುವುದೇ ಮೇಲು.

ಅದು ನನ್ನದೇ ಮನೆಯ ಸ್ಮಾರ್ಟ್ ವಿದ್ಯುತ್ ಮೀಟರು ಅರ್ಧ ಗಂಟೆಗೊಮ್ಮೆ ದಾಖಲಿಸಿದ ಒಂದು ವಾರದ ಬಳಕೆಯ ಗ್ರಾಫ್. ಅದರಲ್ಲಿ ಹೆಸರು, ವಿಳಾಸ ಇರುವುದಿಲ್ಲ. ಯಾರ ಮನೆಯದೆಂದು ನಾನೂ ಮೊದಲು ಹೇಳುವುದಿಲ್ಲ. ಈ ಮನೆಯವರ ಬಗ್ಗೆ ಏನು ಗೊತ್ತಾಗುತ್ತದೆ ಎಂದಷ್ಟೇ ಕೇಳುತ್ತೇನೆ. ಬೆಳಗ್ಗೆ ಗೆರೆ ಥಟ್ಟನೆ ಮೇಲೇರಿದ ಕಡೆ ಬೆರಳಿಟ್ಟು ಗೀಸರ್ ಹಾಕಿದ್ದಾರೆ ಎನ್ನುತ್ತಾರೆ ಒಬ್ಬರು. ಹತ್ತರಿಂದ ಸಂಜೆಯವರೆಗೆ ಫ್ರಿಜ್ ಬಿಟ್ಟರೆ ಏನೂ ಓಡುತ್ತಿಲ್ಲ, ಮನೆ ಖಾಲಿ ಎನ್ನುತ್ತಾರೆ ಇನ್ನೊಬ್ಬರು. ಒಮ್ಮೆ ಹಿರಿಯ ಗೃಹಿಣಿಯೊಬ್ಬರು, 'ಬುಧವಾರ ರಾತ್ರಿ ಮತ್ತೆ ಮತ್ತೆ ನೀರು ಕಾಯಿಸಿದ ಹಾಗಿದೆ, ಯಾರಿಗೋ ಹುಷಾರಿರಲಿಲ್ಲವೇನೋ' ಎಂದರು. ಅವರ ಊಹೆ ಸರಿಯಾಗಿತ್ತು. 'ಈ ಲೆಕ್ಕವೆಲ್ಲ ಈಗ ಯಾರ ಬಳಿ ಇದೆ?' ಎಂದು ಕೇಳಿದವರೂ ಅವರೇ.

ಆ ಪ್ರಶ್ನೆ ಹುಟ್ಟಿದ ಮೇಲೆ ನಾವು ಬೀದಿಗೆ ಇಳಿಯುತ್ತೇವೆ. ಅಲ್ಲಿ ಅಳವಡಿಸಿರುವ ಪ್ರತಿ ಸಾಧನದ ಮುಂದೆ ನಿಂತು, ಇದು ಏನನ್ನು ದಾಖಲಿಸುತ್ತದೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಇಟ್ಟುಕೊಳ್ಳುತ್ತದೆ, ಬೇರೆ ಯಾರಿಗೆ ಕೊಡುತ್ತದೆ ಎಂದು ಬರೆದುಕೊಳ್ಳುತ್ತೇವೆ. ಗಾಳಿಯ ಗುಣಮಟ್ಟ ಅಳೆಯುವ ಪೆಟ್ಟಿಗೆಯಿಂದ ಯಾರ ಗುರುತೂ ಸಿಗುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಎಲ್ಲಕ್ಕೂ ಹೆದರಿಸಿದರೆ ಜನ ಯಾವುದನ್ನೂ ಗಮನಿಸುವುದಿಲ್ಲ. ವಾಹನದ ನಂಬರ್ ಪ್ಲೇಟ್ ಓದುವ ಕ್ಯಾಮೆರಾದ ವಿಷಯ ಬೇರೆ. ವೈಫೈ ಕಂಬದ್ದು ಇನ್ನೂ ಸೂಕ್ಷ್ಮ: 2013ರಲ್ಲಿ ಲಂಡನ್ನಿನ ಕೆಲವು ಕಸದ ತೊಟ್ಟಿಗಳು ದಾರಿಹೋಕರ ಫೋನುಗಳ ವೈಫೈ ಗುರುತನ್ನು (ಒಂದು ಫೋನನ್ನು ಇನ್ನೊಂದರಿಂದ ಬೇರ್ಪಡಿಸುವ ಸಂಖ್ಯೆ) ದಾಖಲಿಸುತ್ತಿದ್ದುದು ಬಯಲಾಗಿ, ಅಲ್ಲಿನ ಆಡಳಿತ ಅದನ್ನು ನಿಲ್ಲಿಸುವಂತೆ ಹೇಳಬೇಕಾಯಿತು. ಇಂದಿನ ಫೋನುಗಳು ಆ ಗುರುತನ್ನು ಆಗಾಗ ಬದಲಿಸುತ್ತವೆಯಾದರೂ, ಉಚಿತ ವೈಫೈಗಾಗಿ ಮೊಬೈಲ್ ಸಂಖ್ಯೆ ಕೊಟ್ಟು ಒಳಹೊಕ್ಕವರಿಗೆ ಆ ರಕ್ಷಣೆ ಉಳಿಯುವುದಿಲ್ಲ.

ಹೆಸರು ತೆಗೆದುಹಾಕಿದ್ದೇವೆ ಎಂಬ ಭರವಸೆಯನ್ನು ಅಧಿಕಾರಿಗಳು ಪ್ರಾಮಾಣಿಕವಾಗಿಯೇ ಕೊಡುತ್ತಾರೆ. ಆದರೆ 15 ಲಕ್ಷ ಮೊಬೈಲ್ ಬಳಕೆದಾರರ ಸಂಚಾರದ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ಮಾಹಿತಿಗಳು ಶೇ. 95ರಷ್ಟು ಜನರನ್ನು ಉಳಿದವರಿಂದ ಬೇರ್ಪಡಿಸಲು ಸಾಕು.

ಆ್ಯಪ್ ಬೇಡವಾದರೆ ಅಳಿಸಬಹುದು. ಬೀದಿಯಲ್ಲಿ ನಡೆಯದೆ ಇರಲಾಗದು. ಆದ್ದರಿಂದ ಫೋನಿನ ಸೆಟ್ಟಿಂಗ್ ಬದಲಿಸುವುದಕ್ಕಷ್ಟೇ ನಾನು ನಿಲ್ಲಿಸುವುದಿಲ್ಲ. ನಡಿಗೆಯ ಕೊನೆಯಲ್ಲಿ, ಉತ್ತರ ಸಿಗದ ಪ್ರಶ್ನೆಗಳನ್ನೆಲ್ಲ ಸೇರಿಸಿ ನಿವಾಸಿಗಳೇ ನಗರಾಡಳಿತಕ್ಕೆ ಪತ್ರ ಬರೆಯುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಸೆನ್ಸರ್ ಇಟ್ಟವರು ಅದನ್ನು ನೋಂದಾಯಿಸಲೇಬೇಕೆಂದು ಆಮ್‌ಸ್ಟರ್‌ಡ್ಯಾಮ್ 2021ರಲ್ಲಿ ನಿಯಮ ತಂದಿರುವುದನ್ನು ಪತ್ರದಲ್ಲಿ ಉಲ್ಲೇಖಿಸುತ್ತೇವೆ. ಒಂದು ಬಡಾವಣೆಗೆ ಬಂದ ಉತ್ತರದಲ್ಲಿ ಕ್ಯಾಮೆರಾ ದೃಶ್ಯಗಳನ್ನು ಅಳಿಸುವ ಅವಧಿ ನಮೂದಾಗಿತ್ತು, ಆದರೆ ನಿರ್ವಹಣೆಯ ಗುತ್ತಿಗೆ ಪಡೆದ ಕಂಪನಿ ಅವುಗಳನ್ನು ಯಾವುದಕ್ಕೆಲ್ಲ ಬಳಸಬಹುದು ಎಂಬುದರ ಪ್ರಸ್ತಾಪವಿರಲಿಲ್ಲ. ಆ ಲೋಪವನ್ನು ಗುರುತಿಸಿದವರು ಅಲ್ಲಿನ ನಿವಾಸಿಗಳೇ. ಗುತ್ತಿಗೆ ಕರಾರಿನ ಪ್ರತಿ ಕೋರಿ ಎರಡನೆಯ ಪತ್ರವನ್ನು ನನ್ನ ನೆರವಿಲ್ಲದೆ ಬರೆದು ಕಳುಹಿಸಿದ್ದಾರೆ.