ಗಾಳಿ ಒಳಗೆ, ನೀರು ಹೊರಗೆ: ಎಟಿವಿ ಏರ್‌ಬಾಕ್ಸ್ ಮುಚ್ಚಳದ ನನ್ನ ಅನುಭವ

ಎಟಿವಿ ಅಂದರೆ ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಗಾಲಿಯ ಗಾಡಿ. ಅದರ ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಫಿಲ್ಟರಿನ ಪೆಟ್ಟಿಗೆಯೇ ಏರ್‌ಬಾಕ್ಸ್. ಅದರ ಮುಚ್ಚಳಕ್ಕೆ ತೂತು ಕೊರೆದರೆ ನೀರು ಒಳಗೆ ಹೋಗುತ್ತೆ, ಗಾಳಿ ಎಳೆಯುವ ಪೈಪನ್ನು ಎತ್ತರಕ್ಕೆ ಏರಿಸಿದರೆ ಗಾಳಿ ಸಾಲಲ್ಲ. ಬೆಳಗಾವಿಯ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಇದೇ ಮಾತು. ಗಾಳಿಯೂ ಸಾಲುತ್ತೆ, ನೀರೂ ಒಳಗೆ ಬರಲ್ಲ, ಎರಡೂ ಒಟ್ಟಿಗೆ ಆಗುತ್ತೆ ಅಂತ ನಾನು ಹೇಳಿದಾಗ ಒಪ್ಪಿದವರು ಯಾರೂ ಇರಲಿಲ್ಲ. ಈಗ ನನ್ನ ಮುಚ್ಚಳ ಹಾಕಿಕೊಂಡ ಗಾಡಿಗಳು ಖಾನಾಪುರ ತಾಲ್ಲೂಕಿನ ಮಳೆಗಾಲವನ್ನೇ ದಾಟಿ ಬಂದಿವೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮುಖ್ಯ ಕೆಲಸ ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರ್. ಜೊತೆಗೆ ಜಾಂಬೋಟಿ, ಕಣಕುಂಬಿ ಕಡೆಯ ಗೇರು ತೋಟ, ಫಾರ್ಮ್‌ಹೌಸ್‌ಗಳ ಎಟಿವಿ ಬರುತ್ತವೆ. ಅಲ್ಲಿಯ ಮಳೆ ಗೊತ್ತಲ್ವಾ? ಮಲಪ್ರಭಾ ಹುಟ್ಟುವ ಸೀಮೆ ಅದು. ಅಲ್ಲೇ ಆಮಗಾಂವದಲ್ಲಿ 2010ರಲ್ಲಿ 10,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ದಾಖಲಾಗಿತ್ತು. ಜೂನ್ ಬಂದರೆ ತೋಟದೊಳಗೇ ಹಳ್ಳ ಹರಿಯುತ್ತೆ. ಫೆಬ್ರವರಿ ಬಂದರೆ ಅದೇ ದಾರಿಯಲ್ಲಿ ಗಾಲಿ ಮುಳುಗುವಷ್ಟು ಕೆಂಪು ಧೂಳು. ಹಾಗಾಗಿ ಬರೀ ಗಾಳಿ ಜಾಸ್ತಿ ಮಾಡಿದರೆ ನಮ್ಮಲ್ಲಿ ನಡೆಯುವುದಿಲ್ಲ.

ನಾನು ಪ್ರಯೋಗ ಮಾಡಿದ ಗಾಡಿ 500 ಸಿಸಿ, ಸಿಂಗಲ್ ಸಿಲಿಂಡರ್, ಕಾರ್ಬ್ಯುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ), ಬೆಲ್ಟ್ ಡ್ರೈವ್. ಸೀಟಿನ ಕೆಳಗೆ ಏರ್‌ಬಾಕ್ಸ್, ನಾಲ್ಕು ಕ್ಲಿಪ್ಪಿನ ಮುಚ್ಚಳ, ಅದರ ಮೇಲೆ ಮುಂದಕ್ಕೆ ಬಾಗಿದ ಸಣ್ಣ ಸ್ನಾರ್ಕಲ್, ಅಂದರೆ ಗಾಳಿ ಎಳೆಯುವ ಕೊಳವೆ. ಹಿಂದೆ ಟ್ರಾಲಿ ಕಟ್ಟಿ ಏರು ಹತ್ತಿಸಿದರೆ ಉಸಿರು ಸಾಲದೆ ಒದ್ದಾಡುತ್ತಿತ್ತು.

ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದೆ. ಸ್ನಾರ್ಕಲ್ ಕಿತ್ತು, ಮುಚ್ಚಳಕ್ಕೆ ಒಂದಿಂಚಿನ ನಾಲ್ಕು ತೂತು. ಎಳೆತ ಚೆನ್ನಾಗಿ ಬಂತು. ಆದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸದೆ ಓಡಿಸಿದರೆ ಹೆಚ್ಚಾದ ಗಾಳಿಗೆ ಪೆಟ್ರೋಲ್ ಸಾಲಲ್ಲ: ಥ್ರಾಟಲ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟ, ಪ್ಲಗ್ ಬೆಳ್ಳಗೆ. ಮೇನ್ ಜೆಟ್ ಎರಡು ಸೈಜ್ ಏರಿಸಿದೆ. ಕಾರ್ಬ್ಯುರೇಟರಿನ ಸೂಜಿಗೆ ಕ್ಲಿಪ್ ಏರಿಳಿಸುವ ಕಚ್ಚುಗಳು ಇಲ್ಲದ್ದರಿಂದ ಸೂಜಿಯ ತಲೆಯ ಕೆಳಗೆ ಅರ್ಧ ಮಿಲಿಮೀಟರ್ ವಾಷರ್ ಕೊಟ್ಟೆ. ನಿಧಾನ ಓಟಕ್ಕೆ ಪೆಟ್ರೋಲ್ ಹೊಂದಿಸುವ ಪೈಲಟ್ ಸ್ಕ್ರೂ ಅರ್ಧ ಸುತ್ತು ಬಿಚ್ಚಿದೆ. ಪ್ಲಗ್ ಕಂದು ಬಣ್ಣಕ್ಕೆ ಬಂತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಗೋವಾದಲ್ಲಿ ಸೆಟ್ ಮಾಡಿದ ಗಾಡಿ ಇಲ್ಲಿಗೆ ಬಂದರೆ ಸ್ವಲ್ಪ ರಿಚ್ ಆಗೇ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿಯಾಗೇ ಓಡುತ್ತೆ. ಅವರ ಜೆಟ್ ನಂಬರನ್ನು ಹಾಗೇ ತಂದು ಹಾಕಬೇಡಿ.

ಮಳೆ ಶುರುವಾದ ಮೇಲೆ ಅದೇ ಗಾಡಿ ಮುಗ್ಗರಿಸತೊಡಗಿತು. ಹಳ್ಳಕ್ಕೇನೂ ಇಳಿದಿರಲಿಲ್ಲ. ಸೀಟು ತೆಗೆದು ತಿರುವಿ ನೋಡಿದೆ. ಹೊಲಿಗೆಯಿಂದ ಇಳಿದ ಮಳೆನೀರನ್ನು ಸೀಟಿನ ಫೋಮ್ ಪೂರ್ತಿ ಹೀರಿಕೊಂಡಿತ್ತು. ಮೇಲೆ ಮನುಷ್ಯ ಕೂತಾಗಲೆಲ್ಲ ಆ ನೀರು ತಳದ ತೂತುಗಳಿಂದ ಹನಿಹನಿಯಾಗಿ ನೇರ ಮುಚ್ಚಳದ ಮೇಲೆ ಬೀಳುತ್ತಿತ್ತು. ನನ್ನ ನಾಲ್ಕು ತೂತು ಸರಿಯಾಗಿ ಅದರ ಕೆಳಗೇ ಇದ್ದವು. ಕೆಳಗಿನಿಂದ ಬರುವ ನೀರಿನ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ಫಿಲ್ಟರ್ ಜಾಸ್ತಿ ಹಾಳಾಗುವುದು ಈ ಮೇಲಿನ ನೀರಿನಿಂದ.

ತೂತುಗಳಿಗೆ ಎಪಾಕ್ಸಿ ಪುಟ್ಟಿ ಮೆತ್ತಿದೆ. ವಾರ ಕಳೆಯುವುದರೊಳಗೆ ಕಳಚಿತು, ಒಂದು ಚೂರು ಫಿಲ್ಟರಿಗೆ ಹತ್ತಿ ಕೂತಿತ್ತು. ಮುಚ್ಚಳದ ಒಳಮೈಯಲ್ಲಿ ಪಿಪಿ ಅಂತ ಅಚ್ಚೊತ್ತಿರುತ್ತೆ, ಅಂದರೆ ಪಾಲಿಪ್ರೊಪಿಲೀನ್. ಆ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಯಾವುದೂ ಸರಿಯಾಗಿ ಹಿಡಿಯಲ್ಲ. ಬಿಸಿಗಾಳಿ ಗನ್ನಿನಿಂದ ಪಿಪಿ ರಾಡ್ ಕರಗಿಸಿ ವೆಲ್ಡ್ ಮಾಡಬೇಕು, ಇಲ್ಲವೇ ನಟ್ಟು, ರಬ್ಬರ್ ವಾಷರ್ ಹಾಕಿ ಬಿಗಿಯಬೇಕು.

ಆಮೇಲೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ 3 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆಯಿಂದ ಹೊಸ ಮುಚ್ಚಳವನ್ನೇ ಮಾಡಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು, ಮೂರು ಸಾವಿರದ ಹತ್ತಿರ ಖರ್ಚಾಯಿತು. ಆದರೆ ತಗಡು ಏಕನಾದ ಹಿಡಿದು ಗುಂಯ್ ಅನ್ನುತ್ತಿತ್ತು. ಅಂಚು ಎಲ್ಲ ಕಡೆ ಒಂದೇ ಸಮ ಕೂರದೆ ಧೂಳು ಒಳಗೆ ಬಂತು. ಅದು ಈಗಲೂ ಅಂಗಡಿಯಲ್ಲೇ ಇದೆ.

ಈ ನಡುವೆ ಬೇರೊಂದು ತೋಟದ ಗಾಡಿ ಬಂತು. ಯಾರೋ ಅದರ ಮುಚ್ಚಳವನ್ನೇ ತೆಗೆದು ಓಡಿಸಿದ್ದರು. ಹಳ್ಳದಲ್ಲಿ ಎಂಜಿನ್ ನೀರು ಎಳೆದುಕೊಂಡು ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗಿತ್ತು. ಬಿಲ್ ನಲವತ್ತು ಸಾವಿರದ ಆಸುಪಾಸು. ಹಳೇ ಮೇಸ್ತ್ರಿ ಕಾಕಾ ಒಬ್ಬರು ನೋಡಿ, "ಗಾಳಿ ಬೇಕಂದ್ರ ನೀರಿಗೆ ಇಳಸಬ್ಯಾಡ ತಮ್ಮಾ. ನೀರಿಗೆ ಇಳಸ್ತೀನಂದ್ರ ಕಂಪನಿ ಮುಚ್ಚಳ ಮುಟ್ಟಬ್ಯಾಡ. ಎರಡೂ ಆಗಂಗಿಲ್ಲ" ಅಂದರು. ಅವರ ಮೇಲೆ ನನಗೆ ಬಹಳ ಗೌರವ. ಆದರೂ ಆ ಮಾತು ತಲೆಯಿಂದ ಹೋಗಲಿಲ್ಲ.

ಅಂದಾಜಿನ ಮೇಲೆ ಮಾಡುವುದನ್ನು ಬಿಟ್ಟು ಅಳೆಯಲು ಶುರು ಮಾಡಿದೆ. ಗವಂಡಿಗಳ ಲೆವೆಲ್ ಪೈಪ್ ತಂದು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿದೆ. ಒಂದು ತುದಿ ಏರ್‌ಬಾಕ್ಸಿಗೆ, ಇನ್ನೊಂದು ಬಯಲಿಗೆ. ಏರಿನಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ಎರಡೂ ಬದಿಯ ನೀರಿನ ನಡುವೆ ಎಷ್ಟು ಇಂಚು ವ್ಯತ್ಯಾಸ ಬರುತ್ತದೋ ಅಷ್ಟೇ ಅಡಚಣೆ. ಐವತ್ತು ರೂಪಾಯಿಯ ಮೀಟರ್ ಇದು, ನನಗೆ ಕಲಿಸಿದ್ದು ಬಹಳ. ಕಂಪನಿ ಮುಚ್ಚಳಕ್ಕೆ ಏಳಿಂಚಿನ ಹತ್ತಿರ ಬಂತು. ನಾಲ್ಕು ತೂತಿಗೆ ಎರಡು, ಎರಡೂವರೆ. ಅಂದರೆ ಪೈಪ್ ಹಾಕಿಯೂ ಮೂರರ ಸುತ್ತ ನಿಲ್ಲಿಸಿದರೆ ಗೆದ್ದ ಹಾಗೆ.

ಮೊದಲ ಪೈಪ್ ಒಂದೂವರೆ ಇಂಚಿನದು, ಅಂದರೆ 50 ಎಂಎಂ ಪಿವಿಸಿ, ಎರಡು ಎಲ್ಬೋ ಹಾಕಿ ಹ್ಯಾಂಡಲ್ ತನಕ ಏರಿಸಿದ್ದು. ಅಡಚಣೆ ಆರೂವರೆ ಇಂಚು! ಕಾಕಾ ಹೇಳಿದ್ದು ಇದನ್ನೇ. ಆದರೆ ಎಲ್ಬೋ ತೆಗೆದು ನಿಧಾನವಾಗಿ ಬಾಗುವ ಲಾಂಗ್ ಬೆಂಡ್ ಹಾಕಿದ ಕೂಡಲೇ ಒಂದಿಂಚು ಇಳಿಯಿತು. ಎರಡಿಂಚಿನ, ಅಂದರೆ 63 ಎಂಎಂ ಪೈಪಿಗೆ ಹೋದಾಗ ನಾಲ್ಕಕ್ಕೆ ಬಂತು. 50ರ ಪೈಪಿನ ಒಳಬಾಯಿ ಲೆಕ್ಕ ಹಾಕಿದರೆ 16–17 ಚದರ ಸೆಂಟಿಮೀಟರ್, 63ರದ್ದು 26ರ ಹತ್ತಿರ. ಹೊರಗಿನಿಂದ ನೋಡಿದರೆ ಸ್ವಲ್ಪವೇ ದಪ್ಪ ಅನಿಸುತ್ತೆ, ಒಳಗೆ ಒಂದೂವರೆ ಪಟ್ಟು.

ಉಳಿದ ಮುಕ್ಕಾಲು ಇಂಚು ಇಳಿಸಿದ್ದು ಮನೆಯ ಹಿತ್ತಾಳೆ ತಂಬಿಗೆ. ಪೈಪಿನ ಬಾಯಿ ಕತ್ತರಿಸಿದ ಹಾಗೇ ಇದ್ದರೆ ಗಾಳಿ ಅಂಚಿಗೆ ತಾಗಿ ಸುಳಿಯುತ್ತೆ. ಪೈಪಿನ ತುದಿಯನ್ನು ಬಿಸಿಗಾಳಿ ಗನ್ನಿನಿಂದ ಸುತ್ತಲೂ ಒಂದೇ ಸಮ ಕಾಯಿಸಿ, ಮೆತ್ತಗಾದ ಕೂಡಲೇ ತಂಬಿಗೆಯ ದುಂಡು ತಳಕ್ಕೆ ಒತ್ತಿ ಹಿಡಿದೆ. ಒದ್ದೆ ಬಟ್ಟೆ ಸುತ್ತಿ ತಣಿಸಿದೆ. ಬಾಯಿ ಉಮ್ಮತ್ತಿ ಹೂವಿನ ಹಾಗೆ ಅರಳಿತು. ಪೈಪ್ ಕಂದು ತಿರುಗಿದರೆ ಸುಟ್ಟಿದೆ ಅಂತ ಅರ್ಥ, ಆ ತುದಿ ಕತ್ತರಿಸಿ ಮತ್ತೆ ಮಾಡಿ. ಈ ಒಂದು ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ನಾನು ನೋಡಿದ ಬೇರೆ ಯಾವ ಗಾಡಿಯಲ್ಲೂ ಇದು ಇಲ್ಲ.

ಮುಚ್ಚಳಕ್ಕೂ ಪೈಪಿಗೂ ಜೋಡಣೆ ಹೇಗೆ? ನೀರಿನ ಟ್ಯಾಂಕಿಗೆ ಹಾಕುವ ಎರಡಿಂಚಿನ ಟ್ಯಾಂಕ್ ನಿಪ್ಪಲ್. ದುಂಡು ತೂತು ಕೊರೆಯುವ ಅರವತ್ತು ಎಂಎಂ ಹೋಲ್ ಸಾ ಹೊಡೆದು, ಒಳಗೊಂದು ಹೊರಗೊಂದು ರಬ್ಬರ್ ವಾಷರ್ ಕೊಟ್ಟು ನಟ್ ಬಿಗಿದರೆ ಮುಗಿಯಿತು. ಅಂಟಿನ ಮಾತೇ ಇಲ್ಲ. ನಿಪ್ಪಲಿನಿಂದ ಮೇಲಕ್ಕೆ ಮೊದಲ ಒಂದಡಿ ಟ್ರ್ಯಾಕ್ಟರಿನ ರೇಡಿಯೇಟರ್ ಹೋಸ್, ಎರಡೂ ಕಡೆ ಹೋಸ್ ಕ್ಲಿಪ್. ಪೂರ್ತಿ ಪಿವಿಸಿ ಹಾಕಿದರೆ ಎಂಜಿನ್ ನಡುಕಕ್ಕೆ ನಿಪ್ಪಲಿನ ಬುಡದಲ್ಲೇ ಸೀಳುತ್ತೆ. ನಂದು ಸೀಳಿತ್ತು.

ಬಾಯಿ ಎಲ್ಲಿಡಬೇಕು ಅನ್ನುವುದೇ ಇಡೀ ಕೆಲಸದ ಜೀವ. ರೇಡಿಯೇಟರ್ ಹಿಂದೆ ಇಟ್ಟಾಗ ಬೆಳಿಗ್ಗೆ ಚೆನ್ನಾಗಿ ಓಡಿದ ಗಾಡಿ ಮಧ್ಯಾಹ್ನ ಮಂಕಾಯಿತು, ಫ್ಯಾನಿನ ಬಿಸಿಗಾಳಿ ಕುಡಿಯುತ್ತಿತ್ತು. ಈಗ ಹೆಡ್‌ಲೈಟ್ ಹಿಂದೆ, ಹ್ಯಾಂಡಲ್ ಎತ್ತರಕ್ಕೆ, ಬಾಯಿ ಹಿಂದಕ್ಕೆ ತಿರುಗಿಸಿ, ಮೇಲೆ ಸಣ್ಣ ಟೋಪಿ. ಮುಂದಿನ ಗಾಲಿ ಎರಚುವ ಕೆಸರು ಅಲ್ಲಿಗೆ ತಲುಪಲ್ಲ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯೇ ನೋಡಿಕೊಂಡೇ ಕ್ಲಾಂಪ್ ಬಿಗಿಯಿರಿ.

ಆದರೂ ಮಳೆಯಲ್ಲಿ ನಾಲ್ಕು ಹನಿ ಒಳಗೆ ಬಂದೇ ಬರುತ್ತೆ. ಅದಕ್ಕೆ ಎರಡು ವ್ಯವಸ್ಥೆ. ಏರ್‌ಬಾಕ್ಸಿನ ತಳಕ್ಕೆ ಟ್ರ್ಯಾಕ್ಟರ್ ಏರ್ ಕ್ಲೀನರಿನ ಕೆಳಗೆ ತೂಗುವ ರಬ್ಬರ್ ತುಟಿಯ ವಾಲ್ವ್ ಹಾಕಿದೆ. ನೂರು, ನೂರಿಪ್ಪತ್ತು ರೂಪಾಯಿಗೆ ಸಿಗುತ್ತೆ. ಎಂಜಿನ್ ಎಳೆಯುವಾಗ ತುಟಿ ಮುಚ್ಚಿರುತ್ತೆ, ನಿಂತಾಗ ನೀರು ತಾನಾಗೇ ಇಳಿಯುತ್ತೆ. ಎರಡನೆಯದು ಮುಚ್ಚಳದ ಒಳಗಿನ ಒಂದು ತಡೆಹಲಗೆ. ಬಂದ ಗಾಳಿ ಫಿಲ್ಟರಿಗೆ ನೇರ ಹೊಡೆಯದೆ ತಿರುಗಿ ಹೋಗಬೇಕು, ತಿರುಗುವಾಗ ನೀರು ಕೆಳಗೆ ಬೀಳಬೇಕು. ಇದರ ಅಳತೆ ಮತ್ತು ಓರೆ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಮುಚ್ಚಳದ ಅಂಚಿಗೆ ಕಾರಿನ ಡೋರ್ ಬೀಡಿಂಗ್ ಹಾಕಿದ್ದೇನೆ. ಅದು ಸರಿಯಾಗಿ ಕೂರಲು ಕ್ಲಿಪ್ಪಿನ ಹತ್ತಿರ ಮಾಡುವ ಇನ್ನೊಂದು ಸಣ್ಣ ಕೆಲಸವೂ ನನ್ನ ಹತ್ತಿರವೇ ಇರಲಿ.

ನೀರು ಒಳಗೆ ಹೋಗುತ್ತದೆಯೇ ಅಂತ ನೋಡುವುದು ಸುಲಭ. ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಕಡೆಯ ಬಾಯಿಗೆ ಬಟ್ಟೆ ತುರುಕಿ, ಫಿಲ್ಟರ್ ಕೂರುವ ಜಾಗದಲ್ಲಿ ಬಿಳಿ ಹಾಳೆ ಹಾಸಿ, ಅದರ ಮೇಲೆ ಕುಂಕುಮ ತೆಳ್ಳಗೆ ಉದುರಿಸಿ. ಮುಚ್ಚಳ ಹಾಕಿ ಸರ್ವಿಸಿಂಗ್ ಗನ್ನಿನಿಂದ ಐದು ನಿಮಿಷ ನೀರು ಹೊಡೆಯಿರಿ. ಒಂದೇ ಹನಿ ಬಿದ್ದರೂ ಕೆಂಪು ಕಲೆ ಎದ್ದು ಕಾಣುತ್ತೆ. ಯಾವ ಕಡೆಯಿಂದ ಬಂತು ಅಂತಲೂ ತಿಳಿಯುತ್ತೆ. ಧೂಳಿಗೆ ಬೇರೆ ಪರೀಕ್ಷೆ: ಫಿಲ್ಟರಿನ ಆಚೆ, ಕಾರ್ಬ್ಯುರೇಟರ್ ಕಡೆಯ ರಬ್ಬರಿನೊಳಗೆ ಬಿಳಿ ಗ್ರೀಸ್ ಸವರಿ ಒಂದು ದಿನ ಓಡಿಸಿ. ಗ್ರೀಸ್ ಕೆಂಪಾದರೆ ಫಿಲ್ಟರ್ ಕೂತಿಲ್ಲ ಅಂತ ಅರ್ಥ.

ದಾರಿಯಲ್ಲಿ ಬೇರೆ ಪ್ರಯೋಗಗಳನ್ನೂ ಮಾಡಿದೆ. ಫಿಲ್ಟರಿಗೆ ಮೊದಲೇ ಧೂಳು ಹಿಡಿಯುವ ಟ್ರ್ಯಾಕ್ಟರಿನ ಪ್ರೀ-ಕ್ಲೀನರ್ ಬಟ್ಟಲನ್ನು ಪೈಪಿನ ತಲೆಗೆ ಕೂರಿಸಿದೆ. ಬೇಸಿಗೆಯಲ್ಲಿ ಧೂಳು ಚೆನ್ನಾಗಿ ಹಿಡಿಯಿತು, ಆದರೆ ಎರಡಿಂಚು ಅಡಚಣೆ ಏರಿತು, ಮರದ ಕೊಂಬೆಗೂ ತಾಗುತ್ತಿತ್ತು. ಬಿಟ್ಟೆ. ಫಿಲ್ಟರ್ ಮೇಲೆ ಕೊಡೆಯ ಬಟ್ಟೆ ಹೊಲಿಸಿ ಹಾಕಿದೆ. ನೀರು ತಡೆಯಿತು, ಗಾಳಿಯನ್ನೂ ತಡೆಯಿತು. ಸೋಫಾ ಸ್ಪಂಜು ಪೆಟ್ರೋಲ್ ಆವಿಗೆ ಪುಡಿಯಾಯಿತು. ಅದನ್ನು ಯಾರೂ ಹಾಕಬೇಡಿ. ಸರಿಯಾದ ಫಿಲ್ಟರ್ ಫೋಮ್, ಫಿಲ್ಟರ್ ಎಣ್ಣೆ, ಮೇಲೆ ಒಂದು ತೆಳು ನೈಲಾನ್ ಕಾಲುಚೀಲ. ನವೆಂಬರಿನ ಹುಲ್ಲಿನ ಬೀಜಕ್ಕೆ ಕಾಲುಚೀಲ ಬಹಳ ಒಳ್ಳೆಯದು, ತೆಗೆದು ಝಾಡಿಸಿ ಮತ್ತೆ ಹಾಕಬಹುದು.

ಕೊನೆಯ ಅಳತೆ ಮೂರು, ಮೂರೂಕಾಲು ಇಂಚು. ನಾಲ್ಕು ತೂತಿಗಿಂತ ಸ್ವಲ್ಪ ಜಾಸ್ತಿ, ಕಂಪನಿ ಮುಚ್ಚಳದ ಅರ್ಧಕ್ಕಿಂತ ಕಡಿಮೆ. ಮೇನ್ ಜೆಟ್ ಒಂದು ಸೈಜ್ ಏರಿಸಿದರೆ ಸಾಕಾಯಿತು. ಟ್ರಾಲಿಯಲ್ಲಿ ಮೂರು ಚೀಲ ಗೇರುಬೀಜ ಹಾಕಿದರೂ ಏರಿನಲ್ಲಿ ಲೋ ಗೇರಿಗೆ ಇಳಿಸಬೇಕಾಗಿಲ್ಲ. ಕಾಕಾ ಬಂದು ಲೆವೆಲ್ ಪೈಪ್ ತಾವೇ ಹಿಡಿದು ನೋಡಿದರು. "ನಮ್ಮ ಗಾಡಿಗೂ ಒಂದು ಮಾಡಿ ಕೊಡು" ಅಂದರು.

ಕೈಬಿಟ್ಟ ಪ್ರಯೋಗಗಳ ಖರ್ಚನ್ನೆಲ್ಲ ಸೇರಿಸಿದರೆ ಹದಿನಾಲ್ಕು, ಹದಿನೈದು ಸಾವಿರ ಹೋಗಿರಬೇಕು. ಈಗ ಒಂದು ಗಾಡಿಗೆ ಸಾಮಾನು ಎರಡು ಸಾವಿರದೊಳಗೆ ಬರುತ್ತೆ. ಜೆಟ್ಟಿಂಗ್ ಸೇರಿಸಿ ಐದೂವರೆ ಸಾವಿರ ತಗೊಳ್ಳುತ್ತೇನೆ.

ಗಾಳಿಯ ಬಾಯಿ ಎತ್ತರಿಸಿದ ಮಾತ್ರಕ್ಕೆ ಗಾಡಿ ದೋಣಿ ಆಗಲ್ಲ ಅಂತ ಪ್ರತಿ ಸಾವಕಾರ್ರಿಗೂ ಹೇಳಿ ಕಳಿಸುತ್ತೇನೆ. ಕಾರ್ಬ್ಯುರೇಟರ್ ವೆಂಟ್, ಅಂದರೆ ಅದಕ್ಕೆ ಗಾಳಿಯಾಡುವ ಟ್ಯೂಬ್, ನೀರಿನಲ್ಲಿ ಮುಳುಗಿದರೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತೆ. ಆ ಟ್ಯೂಬ್, ಡಿಫರೆನ್ಷಿಯಲ್ (ಗಾಲಿಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಗಾಳಿಯಾಡುವ ಬ್ರೀದರ್ ಎರಡನ್ನೂ ಹ್ಯಾಂಡಲ್ ಕೆಳಗೆ ತಂದು ಕಟ್ಟಿ. ಬೆಲ್ಟ್ ಕವರಿಗೆ ನೀರು ಹೊಕ್ಕರೆ ಎಂಜಿನ್ ಓಡುತ್ತಿದ್ದರೂ ಗಾಡಿ ಕದಲಲ್ಲ. ಅದರ ಎರಡು ಡಕ್ಟುಗಳಿಗೂ ಇದೇ 63ರ ಪೈಪ್ ಹಾಕಿ ನೋಡುತ್ತಿದ್ದೇನೆ. ಒಳಗೆ ಹೋಗುವುದು ಸರಿಯಾಗಿದೆ. ಬಿಸಿಗಾಳಿ ಹೊರಬರುವ ಕಡೆ ಪಿವಿಸಿ ಮೆತ್ತಗಾಗುತ್ತಿದೆ, ಅಲ್ಲಿಗೆ ರಬ್ಬರ್ ಹೋಸ್ ಹುಡುಕುತ್ತಿದ್ದೇನೆ.