ಹತ್ತು ವರ್ಷದ ಕಾರಿಗೆ ಮತ್ತೆ ಪರವಾನಗಿ ಸಿಕ್ಕಿದ ಬಗೆ

ಇಂಗ್ಲೆಂಡಿನ ಪಟ್ಟಣವೊಂದರಲ್ಲಿ ನಾನು ಓಡಿಸುವ ಬಾಡಿಗೆ ಕಾರಿಗೆ ಹತ್ತು ವರ್ಷ ತುಂಬಿದಾಗ, ವಯೋಮಿತಿ ಮೀರಿದೆ ಎಂಬ ಒಂದೇ ಕಾರಣಕ್ಕೆ ಸ್ಥಳೀಯ ಕೌನ್ಸಿಲ್ ಪರವಾನಗಿ ನವೀಕರಿಸಲು ನಿರಾಕರಿಸಿತು. ಸಾಲ ತೀರಿ ವರ್ಷವೂ ಆಗಿರಲಿಲ್ಲ. ಹೊಸ ಕಾರು ಕೊಳ್ಳುವುದು ನನ್ನಿಂದಾಗದ ಮಾತಾಗಿತ್ತು.

1976ರ ಸ್ಥಳೀಯ ಸರ್ಕಾರ ಕಾಯ್ದೆಯ 48ನೇ ಸೆಕ್ಷನ್ ಓದಿದಾಗ ದಾರಿ ಕಂಡಿತು. ವಾಹನವು ಸುರಕ್ಷಿತವಾಗಿ, ಆರಾಮದಾಯಕವಾಗಿ, ಯಾಂತ್ರಿಕವಾಗಿ ಸುಸ್ಥಿತಿಯಲ್ಲಿರಬೇಕೆಂದು ಅದು ಹೇಳುತ್ತದೆಯೇ ಹೊರತು ವಯಸ್ಸನ್ನು ನಿಗದಿಪಡಿಸುವುದಿಲ್ಲ. ವಯೋಮಿತಿ ಎಂಬುದು ಆಯಾ ಕೌನ್ಸಿಲಿನ ನೀತಿ, ಮತ್ತು ನೀತಿಯಿದ್ದರೂ ಪ್ರತಿ ಅರ್ಜಿಯನ್ನು ಅದರ ಗುಣಾವಗುಣಗಳ ಮೇಲೆ ಪರಿಶೀಲಿಸಲೇಬೇಕು. ಸಾರಿಗೆ ಇಲಾಖೆಯ 2023ರ ಮಾರ್ಗಸೂಚಿಯಂತೂ ವಯೋಮಿತಿ ಹೇರಬಾರದೆಂದೇ ಕೌನ್ಸಿಲುಗಳಿಗೆ ಸಲಹೆ ನೀಡಿದೆ. ನನ್ನ ಪರಿಚಯದ ಚಾಲಕರಲ್ಲಿ ಬಹುತೇಕರಿಗೆ ಇದು ತಿಳಿದಿರಲಿಲ್ಲವೆಂಬುದು ನನಗೆ ನೋವಿನ ಸಂಗತಿ.

ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಲು 21 ದಿನಗಳಷ್ಟೇ ಇರುವುದರಿಂದ, ಮೇಲ್ಮನವಿಯನ್ನು ಅವಧಿಯೊಳಗೆ ಸಲ್ಲಿಸಿ, ಜೊತೆಗೇ ಮರುಪರಿಶೀಲನೆ ಕೋರಿ ಕೌನ್ಸಿಲಿಗೂ ಬರೆದೆ. ಪ್ರತಿ ಸರ್ವಿಸಿನ ರಸೀದಿ, ಎಂಒಟಿ ಎಂಬ ವಾಹನ ಸುಸ್ಥಿತಿ ಪರೀಕ್ಷೆಯ ಪ್ರಮಾಣಪತ್ರಗಳು, ಬಾಗಿಲ ಕೆಳಭಾಗದಲ್ಲಿ ತುಕ್ಕು ಕೆರೆದು ಬೆಸುಗೆ ಹಾಕಿಸಿದ ಜಾಗದ ಮೊದಲಿನ ಮತ್ತು ನಂತರದ ಚಿತ್ರಗಳು, ಎಲ್ಲವನ್ನೂ ದಿನಾಂಕವಾರು ಜೋಡಿಸಿದೆ. ಅಧಿಕಾರಿ ಕಾರನ್ನು ಲಿಫ್ಟಿಗೇರಿಸಿ, ಆ ಬೆಸುಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆರು ತಿಂಗಳಿಗೊಮ್ಮೆ ತಪಾಸಣೆಯ ಷರತ್ತಿನೊಂದಿಗೆ ಒಂದು ವರ್ಷದ ಪರವಾನಗಿ ದೊರೆಯಿತು, ಮೇಲ್ಮನವಿಯನ್ನು ಹಿಂತೆಗೆದುಕೊಂಡೆ.