ಕಾಲೇಜಿನ ಅಂಗಳದಲ್ಲಿ ಮಕ್ಕಳ ಬೇಸಿಗೆ: ಫ್ರೀಮಾಂಟ್ ಕಡೆ ಹೊಸದಾಗಿ ಬಂದವರಿಗೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಯೂನಿಯನ್ ಸಿಟಿ, ಮಿಲ್ಪಿಟಾಸ್ ಕಡೆಗೆ ಹೊಸದಾಗಿ ಬಂದ ನಮ್ಮವರು ಮೇ ತಿಂಗಳ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಜೂನ್‌ನಿಂದ ಸ್ಕೂಲ್ ಇಲ್ವಂತೆ, ಮಗೂನ ಎಲ್ಲಿ ಬಿಡೋದು?" ಇದು ಫೆಬ್ರವರಿಯಲ್ಲೇ ಕೇಳಬೇಕಾದ ಪ್ರಶ್ನೆ. ಊರಲ್ಲಿ ಏಪ್ರಿಲ್, ಮೇ ರಜೆ. ಇಲ್ಲಿ ಜೂನ್‌ನಲ್ಲಿ ಮುಚ್ಚಿದ ಶಾಲೆ ಮತ್ತೆ ತೆರೆಯುವುದು ಆಗಸ್ಟ್ ನಡುವಿಗೆ. ಊರಿನ ಶಾಲೆಯ ವರ್ಷ ಮುಗಿಸಿಕೊಂಡು ಬಂದ ಮಗುವಿಗೆ ಅಲ್ಲಿ ಒಂದು ರಜೆ ಕಳೆದಿರುತ್ತದೆ, ಇಲ್ಲಿ ಇನ್ನೊಂದು ಶುರುವಾಗುತ್ತದೆ. ಜೊತೆಗೆ ಆಡುವವರಿಲ್ಲ, ಸುತ್ತ ಕೇಳುವ ಭಾಷೆ ಹೊಸದು, ಮಹಡಿ ಮನೆಯಲ್ಲಿ ಕುಣಿದರೆ ಕೆಳಗಿನವರಿಗೆ ತೊಂದರೆ. ಆ ಒಂಬತ್ತು ಹತ್ತು ವಾರಗಳು ಹೇಗೆ ಕಳೆಯುತ್ತವೆ ಎನ್ನುವುದರ ಮೇಲೆ ಮಗು ಈ ಊರನ್ನು ಇಷ್ಟಪಡುತ್ತದೋ ಇಲ್ಲವೋ ಎನ್ನುವುದು ನಿಂತಿರುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ (ಹೆಚ್ಚಾಗಿ ಎರಡು ವರ್ಷದ ಓದಿನ ಸರ್ಕಾರಿ ಕಾಲೇಜುಗಳು ಇವು) ಕೆಲವು, ಬೇಸಿಗೆಯಲ್ಲಿ ತಮ್ಮ ಕೊಠಡಿಗಳನ್ನು ಪುಟ್ಟ ಮಕ್ಕಳಿಗೂ ತೆರೆಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾಲೇಜುಗಳು 116 ಇವೆ. ನಮಗೆ ಹತ್ತಿರದ್ದು ಮಿಷನ್ ಬುಲೆವಾರ್ಡ್ ಮೇಲಿರುವ ಓಲೋನಿ ಕಾಲೇಜು. ಮಕ್ಕಳ ಬೇಸಿಗೆ ತರಗತಿಗಳಿಗೆ ಈ ಭಾಗದಲ್ಲಿ ಹೆಸರಾದ ಜಾಗ ಅದು. ಬರ್ಕ್ಲಿಯವರೆಗೆ ಹೋಗಿಬರುವ ಶಕ್ತಿ ಇದ್ದರೆ ಅಲ್ಲಿನ ವಿಶ್ವವಿದ್ಯಾಲಯದ ಲಾರೆನ್ಸ್ ಹಾಲ್ ಆಫ್ ಸೈನ್ಸ್ ಇದೆ. 1968ರಲ್ಲಿ ಶುರುವಾದ ವಿಜ್ಞಾನ ಕೇಂದ್ರ, ಗುಡ್ಡದ ಮೇಲೆ. ಈ ವರ್ಷ ಯಾವ ವಾರ ಯಾವ ತರಗತಿ, ಎಷ್ಟು ಶುಲ್ಕ ಎನ್ನುವುದನ್ನು ಕಾಲೇಜಿನವರ ಪಟ್ಟಿಯಲ್ಲೇ ನೋಡಿ. ವಾಟ್ಸಾಪಿನಲ್ಲಿ ಓಡಾಡುವ ಹಳೆಯ ಪಟ್ಟಿಯನ್ನು ನಂಬಬೇಡಿ.

ಕಾಲೇಜು ಎಂಬ ಹೆಸರು ಕೇಳಿ ನಮ್ಮವರ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ಆರು ವರ್ಷದ ಮಗುವಿನ ತಂದೆಯೊಬ್ಬರು, "ಇದರ ಸರ್ಟಿಫಿಕೇಟ್ ಮುಂದೆ ಅಡ್ಮಿಶನ್‌ಗೆ ಬರುತ್ತಾ?" ಎಂದು ನನ್ನನ್ನು ಕೇಳಿದ್ದರು. ಬರುವುದಿಲ್ಲ. ಇಲ್ಲಿ ಅಂಕವಿಲ್ಲ, ಕ್ರೆಡಿಟ್ ಇಲ್ಲ, ರ‍್ಯಾಂಕ್ ಇಲ್ಲ. ಇವು ಸರ್ಕಾರದ ಹಣದಿಂದ ನಡೆಯದೆ ಶುಲ್ಕದಿಂದಲೇ ತಮ್ಮ ಖರ್ಚು ತೂಗಿಸಿಕೊಳ್ಳುವ ತರಗತಿಗಳು. ಹಾಗಾಗಿ ಸಾಕಷ್ಟು ಮಕ್ಕಳು ಸೇರದಿದ್ದರೆ ತರಗತಿಯೇ ರದ್ದಾಗುತ್ತದೆ. ಬೇಡಿಕೆ ಇರುವುದು ಬೇಗ ತುಂಬುತ್ತದೆ. ತುಂಬಿದ್ದರೆ ವೇಟ್‌ಲಿಸ್ಟ್‌ನಲ್ಲಿ ಹೆಸರು ಹಾಕಿಸಿ. ಊರಿಗೆ ಹೊರಟವರು, ಮನೆ ಬದಲಿಸಿದವರು ಕೊನೆಯ ಗಳಿಗೆಯಲ್ಲಿ ಬಿಡುತ್ತಾರೆ. ಹಣ ವಾಪಸಿನ ಗಡುವನ್ನು ಸೇರಿಸುವ ದಿನವೇ ಓದಿಟ್ಟುಕೊಳ್ಳಿ.

ಇನ್ನು ಯಾವುದಕ್ಕೆ ಸೇರಿಸಬೇಕು ಎನ್ನುವ ಮಾತು. ಇಲ್ಲಿ ನಮ್ಮವರು ವರ್ಷ ವರ್ಷವೂ ಒಂದೇ ದಾರಿ ಹಿಡಿಯುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಪಟ್ಟಿ ತೆರೆದ ಕೂಡಲೇ ಗಣಿತ, ಕೋಡಿಂಗ್, ಸ್ಪೆಲಿಂಗ್. ಮುಂದಿನ ವರ್ಷದ ಪಾಠವನ್ನು ಈ ವರ್ಷವೇ ಮುಗಿಸಿಬಿಡುವ ಆತುರ. ಕೋಡಿಂಗ್ ಕಲಿಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಪುಟ್ಟ ಮಕ್ಕಳ ಕೋಡಿಂಗ್ ತರಗತಿಗಳಲ್ಲಿ ಬಹುಪಾಲು ಬಳಸುವುದು ಸ್ಕ್ರ್ಯಾಚ್ ಎಂಬ ಮಕ್ಕಳ ಪ್ರೋಗ್ರಾಮಿಂಗ್ ಭಾಷೆ. ಎಂಐಟಿಯವರು 2007ರಲ್ಲಿ ಹೊರತಂದ ಅದು ಇವತ್ತಿಗೂ ಉಚಿತ. ನಮ್ಮಲ್ಲಿ ಮನೆಗೊಬ್ಬರು ಎಂಜಿನಿಯರ್. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಪ್ಪನೋ ಅಮ್ಮನೋ ಕಲಿಸಬಹುದಾದದ್ದಕ್ಕೆ ಕಾಲೇಜಿನ ಅಂಗಳವೇಕೆ?

ನಿಮ್ಮ ಮನೆಯಲ್ಲಿಲ್ಲದ್ದು, ಕಾಲೇಜಿನಲ್ಲಿರುವುದು ಏನು ಎಂದು ನೋಡಿ. ಮಡಕೆ ಸುಡುವ ಕುಲುಮೆ ಇದೆ. ದೀಪ, ತೆರೆ ಇರುವ ನಿಜವಾದ ರಂಗಮಂಚ ಇದೆ. ಈಜುಕೊಳ ಇದೆ. ಬೀಕರು, ಸೂಕ್ಷ್ಮದರ್ಶಕ ಇರುವ ಲ್ಯಾಬ್ ಇದೆ. ಮಗುವನ್ನು ಅಲ್ಲಿಗೆ ಕಳುಹಿಸಿ. ಇಂಗ್ಲಿಷ್ ಬಾರದ ಮಗುವಿಗಂತೂ ಮಣ್ಣು, ಬಣ್ಣ, ನಾಟಕವೇ ಮೊದಲು ಆಗಲಿ. ಗಣಿತದ ತರಗತಿಯಲ್ಲಿ ಮಾತು ತಿಳಿಯದ ಮಗು ಹಿಂದಿನ ಸಾಲಿನಲ್ಲಿ ಮೌನವಾಗಿ ಕೂರುತ್ತದೆ. ಮಣ್ಣು ಕಲಸುವಲ್ಲಿ ಪಕ್ಕದ ಮಗುವಿನ ಕೈ ನೋಡಿಕೊಂಡು ತಾನೂ ಮಾಡುತ್ತದೆ, ಮಾತು ಹಿಂದೆ ಬರುತ್ತದೆ. ಮೈಸೂರಿನ ರಂಗಾಯಣದ ಚಿನ್ನರ ಮೇಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮಕ್ಕಳು ಸುಮಾರು ಒಂದು ತಿಂಗಳು ಹಾಡಿ, ಕುಣಿದು, ಮುಖವಾಡ ಮಾಡಿ ಮನೆಗೆ ಬಂದಾಗ ನಾವು ಯಾರೂ "ಇದರಿಂದ ಏನು ಲಾಭ" ಎಂದು ಕೇಳಿರಲಿಲ್ಲ. ಸಮುದ್ರ ದಾಟಿದ ಮೇಲೆ ಮಕ್ಕಳ ಆಟಕ್ಕೂ ಲೆಕ್ಕ ಕೇಳುವ ಭಯ ನಮಗೆ ಎಲ್ಲಿಂದ ಬಂತು? ವೀಸಾ, ಕೆಲಸ, ಮನೆಸಾಲ, ಇವುಗಳ ಅಭದ್ರತೆ ನಮ್ಮದು. ಅದನ್ನು ಆರು ವರ್ಷದ ಮಗುವಿನ ಹೆಗಲಿಗೆ ಹಾಕುವುದು ನ್ಯಾಯವಲ್ಲ.

ಫಾರ್ಮಿನಲ್ಲಿ ಕೇಳುವ ತರಗತಿ ಮುಗಿದದ್ದೋ ಮುಂದಿನದ್ದೋ ಗಮನಿಸಿ. ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಸೇರಲಿರುವ ತರಗತಿಯನ್ನೇ ಬರೆಯಬೇಕು. ಇಲ್ಲಿ ಸೆಪ್ಟೆಂಬರ್ 1ಕ್ಕೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್, ಅಲ್ಲಿಂದ ಮುಂದಕ್ಕೆ ಎಣಿಸಿ. ಲಸಿಕೆಯ ದಾಖಲೆ ಕೈಗೆ ಸಿಗುವ ಹಾಗಿರಲಿ. ಹದಿಮೂರು ವರ್ಷದೊಳಗಿನ ಮಗುವಿದ್ದು ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಡೇ ಕ್ಯಾಂಪ್ ಖರ್ಚಿಗೆ, ಮಕ್ಕಳ ಆರೈಕೆಯ ಖರ್ಚು ತೋರಿಸುವ ತೆರಿಗೆ ನಮೂನೆಯಾದ ಫಾರ್ಮ್ 2441ರಲ್ಲಿ ಸ್ವಲ್ಪ ತೆರಿಗೆ ಉಳಿಯುತ್ತದೆ, ರಾತ್ರಿ ತಂಗುವ ಕ್ಯಾಂಪಿಗೂ ಪಾಠದ ಸಮ್ಮರ್ ಸ್ಕೂಲಿಗೂ ಇಲ್ಲ. ರಸೀದಿ ಮತ್ತು ನಡೆಸುವವರ ತೆರಿಗೆ ಸಂಖ್ಯೆ ಎತ್ತಿಡಿ.

ಹೊತ್ತು ನೋಡಿಕೊಳ್ಳಿ. ಇಂಥ ತರಗತಿಗಳಲ್ಲಿ ಬಹಳಷ್ಟು ಅರ್ಧ ದಿನದವು, ಕೆಲವು ಒಂದೆರಡು ಗಂಟೆಯವು. ಇವು ಡೇ ಕೇರ್ ಅಲ್ಲ. ಇಬ್ಬರೂ ಕೆಲಸಕ್ಕೆ ಹೋಗುವವರು ಮಧ್ಯಾಹ್ನದ ಏರ್ಪಾಡನ್ನು ಮೊದಲು ಮಾಡಿಕೊಂಡು ಆಮೇಲೆ ಸೇರಿಸಿ. ಕರೆದುಕೊಂಡು ಹೋಗಲು ತಡವಾದರೆ ದಂಡ ಕಟ್ಟಿಸಿಕೊಳ್ಳುವವರಿದ್ದಾರೆ. ದಂಡಕ್ಕಿಂತ ದೊಡ್ಡ ಮಾತೆಂದರೆ, ಎಲ್ಲ ಮಕ್ಕಳೂ ಹೊರಟುಹೋದ ಮೇಲೆ ಹೊಸ ದೇಶದಲ್ಲಿ ಕಾಯುತ್ತ ಕೂರುವ ಮಗುವಿನ ಅಂಜಿಕೆ. ಗೆಳೆಯರ ಕಾರಿನಲ್ಲಿ ಕಳುಹಿಸುವುದಾದರೆ ಬೂಸ್ಟರ್ ಸೀಟನ್ನೂ ಕಳುಹಿಸಿ. ಎಂಟು ವರ್ಷದೊಳಗಿನ ಮಗು ನಾಲ್ಕು ಅಡಿ ಒಂಬತ್ತು ಅಂಗುಲ ಮುಟ್ಟುವವರೆಗೆ ಹಿಂದಿನ ಸೀಟಿನಲ್ಲಿ ಕಾರ್ ಸೀಟ್ ಅಥವಾ ಬೂಸ್ಟರ್‌ನಲ್ಲೇ ಕೂರಬೇಕು ಎನ್ನುವುದು ಕ್ಯಾಲಿಫೋರ್ನಿಯಾದ ಕಾನೂನು.

ಡಬ್ಬಿಯ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಡಲೆಕಾಯಿ ಇಲ್ಲದ ನಮ್ಮ ಅಡುಗೆ ಕಡಿಮೆ. ಚಿತ್ರಾನ್ನ, ಪುಳಿಯೋಗರೆ, ಅವಲಕ್ಕಿ ಒಗ್ಗರಣೆ, ಶೇಂಗಾ ಚಟ್ನಿಪುಡಿ, ಚಿಕ್ಕಿ. ಇಲ್ಲಿ ಪಕ್ಕದಲ್ಲಿ ಕುಳಿತ ಮಗುವಿಗೆ ಕಡಲೆಕಾಯಿಯ ಚೂರು ಬಾಯಿಗೆ ಹೋದರೂ ಉಸಿರು ಕಟ್ಟಬಹುದು. ನಮ್ಮ ಊರಿನಲ್ಲಿ ಇದನ್ನು ಕಣ್ಣಾರೆ ಕಂಡವರು ಕಡಿಮೆಯಾದ್ದರಿಂದ ಹೊಸಬರಿಗೆ ಇದು ಅತಿ ಅನ್ನಿಸುತ್ತದೆ. ಅತಿ ಅಲ್ಲ. ಪುಳಿಯೋಗರೆಗೆ ಎಳ್ಳೂ ಬೀಳುತ್ತದೆ. ಅಮೆರಿಕದ ಕಾನೂನಿನ ಪ್ರಕಾರ 2023ರಿಂದ ಎಳ್ಳೂ ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ. ಚಿತ್ರಾನ್ನಕ್ಕೆ ಕಡಲೆಬೇಳೆ, ಉದ್ದಿನಬೇಳೆಯ ಒಗ್ಗರಣೆ ಸಾಕು, ಚಟ್ನಿಪುಡಿಗೆ ಹುರಿಗಡಲೆ ಹಾಕಿ, ಮೊಸರನ್ನದಲ್ಲಿ ಗೋಡಂಬಿ ಬೇಡ. ಇಡ್ಲಿ, ಚಪಾತಿ ಪಲ್ಯ, ಅಕ್ಕಿರೊಟ್ಟಿ ನಿರಾತಂಕ, ಆದರೆ ರೊಟ್ಟಿಗೆ ಶೇಂಗಾ ಕುಟ್ಟಿ ಹಾಕುವ ಮನೆಯವರು ನೆನಪಿಟ್ಟುಕೊಳ್ಳಿ. ಬಿಸಿ ಮಾಡಿಕೊಡುವವರು ಇರುವುದಿಲ್ಲ.

ಅದಕ್ಕಿಂತ ಕಷ್ಟದ್ದು ಹಂಚಿ ತಿನ್ನಬಾರದು ಎನ್ನುವ ನಿಯಮ. ಒಬ್ಬನೇ ತಿನ್ನಬಾರದು, ಪಕ್ಕದವರಿಗೆ ಕೊಟ್ಟು ತಿನ್ನು ಎಂದು ನಾವೇ ಹೇಳಿ ಬೆಳೆಸಿದ ಮಗು ಅಲ್ಲಿ ಕೈ ನೀಡಿ ಬೈಸಿಕೊಂಡರೆ ತಾನೇನೋ ದೊಡ್ಡ ತಪ್ಪು ಮಾಡಿದೆ ಎಂದುಕೊಳ್ಳುತ್ತದೆ. ಮೊದಲ ದಿನಕ್ಕೆ ಮುಂಚೆ ಕೂರಿಸಿಕೊಂಡು ಹೇಳಿ: ಕೊಡದೇ ಇರುವುದು ಇಲ್ಲಿ ಆ ಗೆಳೆಯನನ್ನು ಕಾಪಾಡುವ ರೀತಿ, ಮನೆಗೆ ಬಂದವರಿಗೆ ಎಂದಿನಂತೆ ಕೊಟ್ಟೇ ತಿನ್ನೋಣ. ಮಕ್ಕಳಿಗೆ ಅರ್ಥವಾಗುತ್ತದೆ. ಸಸ್ಯಾಹಾರಿಗಳು ಇನ್ನೊಂದು ವಿಷಯ ಕೇಳಿಕೊಳ್ಳಬೇಕು. ಕಟ್ಟಡ, ಸೇತುವೆ ಕಟ್ಟಿಸುವ ತರಗತಿಗಳಲ್ಲಿ ಹಲ್ಲುಕಡ್ಡಿಗೆ ಮಾರ್ಷ್‌ಮೆಲೋ ಚುಚ್ಚಿ ಗೋಪುರ ಮಾಡಿಸುತ್ತಾರೆ, ಮಿಕ್ಕಿದ್ದನ್ನು ಮಕ್ಕಳು ತಿನ್ನುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ನಿಮ್ಮ ಮನೆಯ ಕಟ್ಟುಪಾಡನ್ನು ಶಿಕ್ಷಕರಿಗೆ ಸಂಕೋಚವಿಲ್ಲದೆ ತಿಳಿಸಿ, ಅವರು ಬೇಸರಪಡುವುದಿಲ್ಲ.

ಶೌಚದ ಮಾತನ್ನೂ ಆಡಿಬಿಡುತ್ತೇನೆ, ಯಾಕೆಂದರೆ ಯಾರೂ ಆಡುವುದಿಲ್ಲ. ಮನೆಯಲ್ಲಿ ಅಜ್ಜಿ ತೊಳೆದು ಅಭ್ಯಾಸವಾದ ಐದು ವರ್ಷದ ಮಗುವಿಗೆ ಇಲ್ಲಿ ಯಾರೂ ನೆರವಾಗುವುದಿಲ್ಲ, ನೆರವಾಗಲು ಅವರಿಗೆ ಅನುಮತಿಯೂ ಇರುವುದಿಲ್ಲ. ಅಲ್ಲಿ ನೀರಿಲ್ಲ, ಕಾಗದ ಮಾತ್ರ. ಎರಡು ವಾರ ಮುಂಚಿನಿಂದ ಮನೆಯಲ್ಲಿ ರೂಢಿ ಮಾಡಿಸಿ, ಇಂಗ್ಲಿಷಿನಲ್ಲಿ ಹೇಗೆ ಕೇಳಬೇಕೆಂದು ಕಲಿಸಿ. ಕೇಳಲು ನಾಚಿ ಮೂರು ಗಂಟೆ ತಡೆದುಕೊಂಡ ಮಕ್ಕಳನ್ನು ನೋಡಿದ್ದೇನೆ. ಹೆಸರಿನದೂ ಹೀಗೇ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಮುಂದಾಗಿದ್ದರೆ ಅಲ್ಲಿ ಅದನ್ನೇ ಹಿಡಿದು ಕರೆಯುತ್ತಾರೆ. ಕರೆಯುವ ಹೆಸರಿನ ಜಾಗದಲ್ಲಿ ಮನೆಯ ಹೆಸರು ಬರೆದು, ಉಚ್ಚಾರವನ್ನು ಬಿಡಿಸಿ ಕೊಡಿ. ಅವರಿಗೆ ಸುಲಭವಾಗಲಿ ಎಂದು ನೀವೇ ಮೊದಲ ದಿನ ಹೆಸರು ಕತ್ತರಿಸಬೇಡಿ. ಮಗುವಿಗೇ ಬೇಕೆನಿಸಿದರೆ ಮುಂದೆ ಅದೇ ಮೊಟಕು ಮಾಡಿಕೊಳ್ಳಲಿ.

ಅಜ್ಜಿ ತಾತ ಬರುವುದೂ ಈ ತಿಂಗಳುಗಳಲ್ಲೇ. ಪಿಕಪ್ ಪಟ್ಟಿಯಲ್ಲಿ ಅವರ ಹೆಸರಿರಲಿ, ಹೋಗುವಾಗ ಫೋಟೋ ಇರುವ ಗುರುತಿನ ದಾಖಲೆ ಜೊತೆಗಿರಲಿ; ಪಟ್ಟಿಯಲ್ಲಿಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ, "ನಾನು ಇವನ ತಾತ" ಎಂದರೂ ಕೊಡುವುದಿಲ್ಲ. ಇದು ಸುಲಭದ ಭಾಗ. ಮೊಮ್ಮಗಳಿಗಾಗಿ ಎಪ್ಪತ್ತರ ವಯಸ್ಸಿನಲ್ಲಿ ಅಷ್ಟು ದೂರ ಹಾರಿ ಬಂದ ಅಜ್ಜಿ ಇಡೀ ದಿನ ಖಾಲಿ ಮನೆಯಲ್ಲಿ ಕೂತಿರುತ್ತಾಳೆ, ಮೊಮ್ಮಗಳು ಬೆಳಿಗ್ಗೆ ರೋಬೋಟಿಕ್ಸ್, ಮಧ್ಯಾಹ್ನ ಚೆಸ್, ಸಂಜೆ ಈಜು. ಟಿಕೆಟ್ ತೆಗೆಯುವ ಮುಂಚೆಯೇ ಎಲ್ಲ ವಾರಗಳನ್ನೂ ಬುಕ್ ಮಾಡಿದ ಮನೆಗಳಲ್ಲಿ ಇದನ್ನು ಕಂಡು ನನಗೆ ಸಿಟ್ಟೂ ಬಂದಿದೆ, ದುಃಖವೂ ಆಗಿದೆ. ಊರಲ್ಲಿ ರಜೆಯೆಂದರೆ ದೊಡ್ಡಮ್ಮನ, ಚಿಕ್ಕಮ್ಮನ ಮಕ್ಕಳ ಗುಂಪು. ಜಗಳ, ರಾಜಿ, ಕದ್ದ ಮಾವಿನಕಾಯಿ, ಯಾವುದಕ್ಕೂ ದೊಡ್ಡವರ ಏರ್ಪಾಡು ಬೇಕಿರಲಿಲ್ಲ. ಇಲ್ಲಿ ಆ ಗುಂಪನ್ನು ನಾವು ದುಡ್ಡು ಕೊಟ್ಟು, ವಾರದ ಲೆಕ್ಕದಲ್ಲಿ ತರಬೇಕು. ಅದಕ್ಕೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ಆದರೆ ಅಜ್ಜಿಯನ್ನು ಯಾವ ಕಾಲೇಜೂ ಪಟ್ಟಿಯಲ್ಲಿ ಕೊಡುವುದಿಲ್ಲ.

ವಾರಾಂತ್ಯದ ಕನ್ನಡ ಶಾಲೆಗಳೂ ಸಾಮಾನ್ಯವಾಗಿ ಬೇಸಿಗೆಯಲ್ಲಿ ಮುಚ್ಚಿರುತ್ತವೆ. ಹಾಗಾಗಿ ಮಗುವಿನ ಕನ್ನಡ ಹೆಚ್ಚು ಜಾರುವುದು ಈ ರಜೆಯಲ್ಲಿ, ಅದನ್ನು ಹಿಡಿದು ನಿಲ್ಲಿಸಬಲ್ಲವರು ಮನೆಯಲ್ಲೇ ಇದ್ದಾಗ. ಬೆಳಿಗ್ಗೆ ಒಂದು ತರಗತಿ ಸಾಕು, ಮಧ್ಯಾಹ್ನ ಅಜ್ಜಿ ತಾತನದು. ತರಗತಿಯಲ್ಲಿ ಮಾಡಿದ್ದನ್ನು ಅವರಿಗೆ ವಿವರಿಸಿ ಹೇಳುವ ಕೆಲಸ ಮಗುವಿಗೆ ಕೊಡಿ. ತಾತನಿಗೆ ಇಂಗ್ಲಿಷ್ ಬಾರದಿದ್ದರೆ ಇನ್ನೂ ಒಳ್ಳೆಯದು. ಓಲೋನಿ ಎಂಬುದು ಈ ನೆಲದ ಮೂಲ ಜನರ ಹೆಸರು, 1797ರಲ್ಲಿ ಸ್ಪೇನಿನ ಪಾದ್ರಿಗಳು ಸ್ಥಾಪಿಸಿದ ಮಿಷನ್ ಸ್ಯಾನ್ ಹೋಸೆ ಕಾಲೇಜಿನ ಹತ್ತಿರವೇ ಇದೆ. ಒಂದು ಸಂಜೆ ಎಲ್ಲರೂ ಅಲ್ಲಿಗೆ ನಡೆದುಹೋಗಿ ಬನ್ನಿ. ನಾವು ಬಂದು ಸೇರಿದ ಊರಿಗೂ ಒಂದು ಹಿಂದಿನ ಕತೆ ಇದೆ, ನೋವಿನದೂ ಇದೆ ಎಂದು ಮಗುವಿಗೆ ಗೊತ್ತಿರಲಿ.

ಕೊನೆಯದಾಗಿ ತಾಯಂದಿರಿಗೆ, ಮುಖ್ಯವಾಗಿ ಎಚ್-4ರಲ್ಲಿ (ಸಂಗಾತಿಯ ಕೆಲಸದ ವೀಸಾ ಆಧಾರದ ಮೇಲೆ ಸಿಗುವ ಅವಲಂಬಿತರ ವೀಸಾ) ಬಂದು ಕೆಲಸದ ಅನುಮತಿ ಇಲ್ಲದೆ ಮನೆಯಲ್ಲಿರುವವರಿಗೆ. ಮಗುವನ್ನು ಬಿಟ್ಟು ಕಾರಿನಲ್ಲಿ ಫೋನ್ ನೋಡುತ್ತ ಕೂರಬೇಡಿ. ಆ ಕ್ಯಾಂಪಸ್ ನಿಮ್ಮದೂ ಹೌದು. ಎಚ್-4ರಲ್ಲಿ ಇದ್ದುಕೊಂಡೇ ಓದಬಹುದು, ಬೇರೆ ವಿದ್ಯಾರ್ಥಿ ವೀಸಾ ಬೇಕಿಲ್ಲ. ಕ್ರೆಡಿಟ್ ಇಲ್ಲದ ಇಂಗ್ಲಿಷ್ ತರಗತಿಗಳಿಗೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಶುಲ್ಕವಿಲ್ಲ. ಈ ರಾಜ್ಯದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ನೆಲೆಸಿದ್ದಕ್ಕೆ ದಾಖಲೆ ತೋರಿಸಿದರೆ ಕ್ರೆಡಿಟ್ ಇರುವ ಕೋರ್ಸುಗಳಿಗೆ ಎಚ್-4ನವರಿಗೂ ನಿವಾಸಿಗಳ ಶುಲ್ಕವೇ, ಯೂನಿಟ್‌ಗೆ 46 ಡಾಲರ್. ಮಗಳನ್ನು ಮಣ್ಣಿನ ತರಗತಿಗೆ ಬಿಡಲು ಬರುತ್ತಿದ್ದ ಹಾಸನದ ಕಡೆಯ ಒಬ್ಬ ತಾಯಿ ಕಾಯುವ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕೂರಲು ಶುರುಮಾಡಿದರು, ಆಮೇಲೆ ಅಕೌಂಟಿಂಗ್‌ನ ಒಂದು ಕೋರ್ಸ್ ತೆಗೆದುಕೊಂಡರು. ಪಾಸ್‌ಪೋರ್ಟ್, ಐ-94 (ದೇಶದೊಳಗೆ ಬಂದದ್ದರ ದಾಖಲೆ), ಮನೆ ಬಾಡಿಗೆಯ ಕರಾರು ಜೊತೆಯಲ್ಲಿಟ್ಟುಕೊಂಡು ಅಡ್ಮಿಶನ್ಸ್ ಕಚೇರಿಯ ಕಿಟಕಿಗೆ ಹೋಗಿ, ಮಗು ಒಳಗಿರುವ ಆ ಮೂರು ಗಂಟೆಯಲ್ಲೇ.